‘ಲ್ಯಾಬ್ ಸಹಿತ’ ಎಂಬ ಎರಡು ಪದ

ಮಗಳು ಕಾಲೇಜಿಗೆ ಸೇರಿದ್ದು 2020ರಲ್ಲಿ. ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿರುವ ಯೂನಿವರ್ಸಿಟಿಯ ತರಗತಿಗಳೆಲ್ಲ ಆ ವರ್ಷ ಲಾಸ್ ಏಂಜಲೀಸ್‌ನ ಪೋರ್ಟರ್ ರ್ಯಾಂಚ್‌ನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಅವಳ ಲ್ಯಾಪ್‌ಟಾಪಿನೊಳಗೇ ನಡೆದವು. ಪಸಡೀನಾದ ನನ್ನ ಆಫೀಸೂ ಮುಚ್ಚಿತ್ತು. ನಾನು ಕೆಳಗೆ ಊಟದ ಮೇಜಿನ ಮೇಲೆ ಕೆಲಸ ಮಾಡುತ್ತಿದ್ದೆ.

ನಮ್ಮ ಅತ್ತೆಯವರೂ ಆಗ ನಮ್ಮ ಜೊತೆಗಿದ್ದರು. ಅವರ ಔಷಧಿ ತರಲು ಮಗಳೇ ಹೋಗುತ್ತಿದ್ದಳು. ಒಂದು ದಿನ ಫಾರ್ಮಸಿಯ ಪ್ಲಾಸ್ಟಿಕ್ ಪರದೆಯ ಹಿಂದಿದ್ದ ಫಾರ್ಮಸಿಸ್ಟ್ ಹೆಂಗಸು ಇವಳನ್ನು ನಿಲ್ಲಿಸಿ, ಇಬ್ಬರು ಡಾಕ್ಟರುಗಳು ಎರಡು ಬೇರೆ ಹೆಸರಿನಲ್ಲಿ ಒಂದೇ ಔಷಧಿ ಬರೆದುಕೊಟ್ಟಿರುವುದನ್ನು ತೋರಿಸಿದರಂತೆ. ಅಜ್ಜಿಗೆ ವಾರದಿಂದ ತಲೆ ಸುತ್ತುತ್ತಿದ್ದುದು ಅದಕ್ಕೇ. ಮನೆಗೆ ಬಂದು ಮಾಸ್ಕ್ ತೆಗೆಯುವ ಮೊದಲೇ ಮಗಳು ಹೇಳಿದಳು: “ಅಪ್ಪಾ, ನಾನು ಫಾರ್ಮಸಿ ಮಾಡ್ತೀನಿ.”

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ ಅವಳು. ಮನಸ್ಸಿಗೆ ತೀರ ಹತ್ತಿರದ್ದೇನಾದರೂ ಇದ್ದರೆ ಮಾತ್ರ ಕನ್ನಡಕ್ಕೆ ಬರುತ್ತಾಳೆ.

ಇಲ್ಲಿ ಫಾರ್ಮಸಿ ಓದಬೇಕಾದರೆ ಮೊದಲು ಕಾಲೇಜಿನಲ್ಲಿ ಕೆಲವು ವಿಜ್ಞಾನದ ಕೋರ್ಸುಗಳನ್ನು ಮುಗಿಸಿರಬೇಕು. ಒಂದೊಂದು ಫಾರ್ಮಸಿ ಸ್ಕೂಲಿಗೂ ತನ್ನದೇ ಪಟ್ಟಿ. ಒಬ್ಬರು ಎರಡು ಸೆಮಿಸ್ಟರ್ ಅನ್ನುತ್ತಾರೆ. ಮಗಳ ಯೂನಿವರ್ಸಿಟಿಯಲ್ಲಿ ಲೆಕ್ಕವೆಲ್ಲ ಮೂರು ತಿಂಗಳ ಕ್ವಾರ್ಟರ್‌ಗಳಲ್ಲಿ. ಸ್ಕೂಲಿನ ಪಟ್ಟಿಯಲ್ಲಿ ಒಂದೇ ಕೋರ್ಸ್ ಆಗಿರುವುದು ಇವಳಲ್ಲಿ ಮೂರಾಗಿರುತ್ತದೆ. ಇದನ್ನು ಅದಕ್ಕೆ ಹೊಂದಿಸಿ ನೋಡುವ ಕೆಲಸವನ್ನು ನಾನು ವಹಿಸಿಕೊಂಡೆ. ಯಾರೂ ಕೇಳಿರಲಿಲ್ಲ. ಆದರೆ ನನ್ನ ಉದ್ಯೋಗವೇ ಅದು: ಯಂತ್ರವೊಂದು ಮಾಡಬೇಕಾದ ಕೆಲಸಗಳ ಪಟ್ಟಿ ಹಿಡಿದು, ಪ್ರತಿ ಸಾಲಿಗೂ ಪರೀಕ್ಷೆ ನಡೆದಿದೆಯೇ, ಪುರಾವೆ ಇದೆಯೇ ಎಂದು ನೋಡುವುದು. ಇಪ್ಪತ್ತು ವರ್ಷದಿಂದ ಮಾಡುತ್ತ ಬಂದಿದ್ದೇನೆ.

ಒಂದು ಸ್ಪ್ರೆಡ್‌ಶೀಟ್ ಮಾಡಿದೆ. ಎಡಗಡೆ ಐದು ಸ್ಕೂಲುಗಳ ಪಟ್ಟಿ, ಬಲಗಡೆ ಮಗಳ ಕೋರ್ಸುಗಳು. ಹೊಂದಿಕೆಯಾದ ಸಾಲಿಗೆ ಹಸಿರು ಬಣ್ಣ. ಕ್ವಾರ್ಟರ್ ಮುಗಿದಾಗಲೆಲ್ಲ ಇನ್ನೊಂದಿಷ್ಟು ಹಸಿರಾಗುತ್ತಿತ್ತು. ನಿಜ ಹೇಳಬೇಕೆಂದರೆ, ಅದನ್ನು ತೆರೆದು ನೋಡುವುದೇ ನನಗೊಂದು ಸಂತೋಷವಾಗಿತ್ತು.

ಮೂರನೆಯ ವರ್ಷ ಅವಳು ಲಾ ಹೋಯಾದಿಂದ ಫೋನ್ ಮಾಡಿದಳು. “ಅಪ್ಪಾ, ಮೈಕ್ರೋಬಯಾಲಜಿ ಲ್ಯಾಬ್ ಬೇರೆ ಕೋರ್ಸ್ ಅಂತೆ. ನಾನು ತಗೊಂಡಿದ್ದು ಬರೀ ಲೆಕ್ಚರ್. ಲ್ಯಾಬೂ ತಗೋಬೇಕಾ?”

ನಾನು ಶೀಟ್ ತೆರೆದೆ. “ಬೇಡ ಪುಟ್ಟಿ. ಮೈಕ್ರೋ ಆಗ್ಲೇ ಗ್ರೀನ್ ಇದೆ.”

“ಕಾಲೇಜಿನ ಅಡ್ವೈಸರ್ ಹತ್ರ ಒಂದ್ಸಲ ಕೇಳ್ಲಾ?”

“ಅವರು ನೂರಾರು ಜನರನ್ನ ನೋಡ್ತಾರೆ. ನಾನು ನಿನ್ನೊಬ್ಬಳನ್ನೇ ನೋಡ್ತಿರೋದು.”

ಅವಳು ಕೇಳಲಿಲ್ಲ. ಲ್ಯಾಬಿನ ಬದಲು ಬೇರೊಂದು ಕೋರ್ಸ್ ತೆಗೆದುಕೊಂಡಳು.

2024ರ ವಸಂತದಲ್ಲಿ, ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಲಾಸ್ ಏಂಜಲೀಸ್‌ನ ಸ್ಕೂಲಿನಲ್ಲೇ ಸೀಟು ಸಿಕ್ಕಿತು. ಹೆಂಡತಿ ಹೆಸರುಬೇಳೆ ಪಾಯಸ ಮಾಡಿದಳು. ಉಳಿದ ಸ್ಕೂಲುಗಳಿಗೆ ಬರುವುದಿಲ್ಲವೆಂದು ಬರೆದುಬಿಟ್ಟೆವು. ಜೂನಿನಲ್ಲಿ ಡಿಗ್ರಿ ಮುಗಿದು, ಕೊನೆಯ ಅಂಕಪಟ್ಟಿ ತಲುಪಿದ ಮೇಲೆ ಆ ಸ್ಕೂಲಿನಿಂದ ಒಂದು ಇಮೇಲ್ ಬಂತು. ಒಂದು ಕೋರ್ಸ್ ಬಾಕಿ ಇದೆ: ಮೈಕ್ರೋಬಯಾಲಜಿ ಲ್ಯಾಬ್. ಆಗಸ್ಟಿನಲ್ಲಿ ತರಗತಿ ಶುರುವಾಗುವ ಮೊದಲು ಮುಗಿಸದಿದ್ದರೆ ಸೀಟು ಇಟ್ಟುಕೊಳ್ಳಲಾಗುವುದಿಲ್ಲ.

ನಾನು ಅವರ ವೆಬ್‌ಪುಟ ತೆರೆದೆ. ಮೈಕ್ರೋಬಯಾಲಜಿ ಎಂಬ ಪದದ ಮುಂದೆ ಒಂದು ಸಣ್ಣ ನಕ್ಷತ್ರದ ಗುರುತಿತ್ತು. ಪುಟದ ತಳದಲ್ಲಿ ಅದೇ ಗುರುತು, ಅದರ ಮುಂದೆ ‘ಲ್ಯಾಬ್ ಸಹಿತ’. ಅದು ಮೊದಲಿನಿಂದಲೂ ಅಲ್ಲೇ ಇತ್ತು. ನಾನು ಪಟ್ಟಿಯನ್ನು ಮಾತ್ರ ಕಾಪಿ ಮಾಡಿಕೊಂಡಿದ್ದೆ. ಪುಟದ ಕೊನೆಯವರೆಗೆ ಹೋಗಿರಲಿಲ್ಲ.

ಆಮೇಲೆ ಶುರುವಾಯಿತು ಹುಡುಕಾಟ. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋವರೆಗಿನ, ಹೊರಗಿನವರನ್ನು ಒಂದೊಂದೇ ಕೋರ್ಸಿಗೂ ಸೇರಿಸಿಕೊಳ್ಳುವ ಕಮ್ಯುನಿಟಿ ಕಾಲೇಜುಗಳ ಬೇಸಿಗೆ ತರಗತಿಗಳನ್ನೆಲ್ಲ ನೋಡಿದೆವು. ಕೆಲವು ಶುರುವಾಗಿಹೋಗಿದ್ದವು, ಕೆಲವು ತುಂಬಿದ್ದವು. ನಮ್ಮ ಹತ್ತಿರದ ಕಾಲೇಜಿನಲ್ಲಿ ಅವಳಿಗೆ ಸಿಕ್ಕಿದ್ದು ವೇಟ್‌ಲಿಸ್ಟಿನ ಹದಿನಾಲ್ಕನೆಯ ಸ್ಥಾನ. ಸ್ಯಾನ್ ಡಿಯಾಗೋದ ಒಂದರಲ್ಲಿ ಮೂರನೆಯದು. ಮೊದಲ ದಿನ ಖುದ್ದಾಗಿ ಹೋಗಿ ನಿಂತರೆ, ಬಾರದವರ ಜಾಗ ಸಿಗಬಹುದು ಎಂದರು.

ಬೆಳಿಗ್ಗೆ ಐದಕ್ಕೇ ಹೊರಟೆವು. ಅವಳು ಹೊಸ ಲ್ಯಾಬ್ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನೇ ಡ್ರೈವ್ ಮಾಡುತ್ತೇನೆಂದು ಹಟ ಹಿಡಿದಿದ್ದೆ. ಮಾಡಲು ನನಗೆ ಬೇರೇನೂ ಉಳಿದಿರಲಿಲ್ಲ.

ಲ್ಯಾಬಿನ ಬಾಗಿಲಿಗೆ ಸಣ್ಣ ಗಾಜಿತ್ತು. ಅದರಲ್ಲಿ ನೋಡುತ್ತ ಹೊರಗೆ ನಿಂತೆ. ವಯಸ್ಸಾದ ಮೇಡಂ ಒಬ್ಬರು ಹಾಜರಿ ಕರೆದರು. ಒಬ್ಬರು ಮಾತ್ರ ಬಂದಿರಲಿಲ್ಲ. ಆ ಜಾಗ ವೇಟ್‌ಲಿಸ್ಟಿನ ಮೊದಲನೆಯವಳಿಗೆ ಹೋಯಿತು. ಅವಳು ನರ್ಸಿಂಗ್ ಓದಲು ಹೊರಟವಳು. ಆಸ್ಪತ್ರೆಯ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು, ಕುರ್ಚಿ ಸಿಕ್ಕಿದ್ದೇ ಮುಖ ಮುಚ್ಚಿಕೊಂಡು ಅತ್ತಳು. ಮಗಳು ಗೋಡೆ ಬದಿಯಲ್ಲಿ ನಿಂತೇ ಇದ್ದಳು.

ನಾನು ಬಾಗಿಲು ತೆಗೆದು ಒಳಗೆ ಹೋದೆ. ಇಪ್ಪತ್ತೆರಡು ವರ್ಷದ ಮಗಳ ತರಗತಿಯೊಳಗೆ, ಅಷ್ಟು ಜನರ ಮುಂದೆ, ಒಂದು ಸೀಟು ಕೊಡಿ ಎಂದು ಕೇಳಿಕೊಂಡೆ. ತಪ್ಪು ಅವಳದ್ದಲ್ಲ, ನನ್ನದು ಎಂದೂ ಹೇಳಿದೆ.

ಮೇಡಂ ಸಾವಧಾನವಾಗಿ ಕೇಳಿಸಿಕೊಂಡರು. “ಸರ್, ಲ್ಯಾಬಿನ ಬೆಂಚುಗಳಲ್ಲಿ ಇಪ್ಪತ್ನಾಲ್ಕು ಜನಕ್ಕೆ ಜಾಗ. ಇಪ್ಪತ್ತೈದನೆಯವರನ್ನು ಸೇರಿಸಲು ಸುರಕ್ಷತೆಯ ನಿಯಮ ಬಿಡುವುದಿಲ್ಲ. ಸೇರಿಸಿದರೂ ಇವಳಿಗಿಂತ ಮುಂದೆ ಇನ್ನೊಬ್ಬರಿದ್ದಾರೆ,” ಎಂದು ಮಗಳ ಪಕ್ಕದಲ್ಲಿದ್ದ ಹುಡುಗಿಯನ್ನು ತೋರಿಸಿದರು. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

“ಸಾಕು ಅಪ್ಪಾ, ಬನ್ನಿ,” ಅಂದಳು ಮಗಳು.

ವಾಪಸು ಬರುವಾಗ ಎಡಗಡೆ ಸಮುದ್ರ ಬಂದು, ಹೋಗಿ, ಮತ್ತೆ ಬಂತು. ನಾನಂದೆ: “ತಪ್ಪು ನನ್ನದು ಪುಟ್ಟಿ.”

“ಐ ನೋ, ಅಪ್ಪಾ.”

ಸಿಟ್ಟಿರಲಿಲ್ಲ. ಇಮೇಲ್ ಬಂದ ದಿನವೇ ಅವಳಿಗೆ ಗೊತ್ತಾಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಮರುದಿನ ಅವಳು ಕೆಲಸ ಹುಡುಕುತ್ತ ಮಹಡಿಯಲ್ಲಿದ್ದಾಗ ನಾನು ಸ್ಕೂಲಿನ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿದೆ. ಹೇಳಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಆ ಕಡೆಯ ದನಿ ಮೃದುವಾಗಿತ್ತು.

“ಅರ್ಜಿ ಹಾಕಿದವರು ನೀವೇನಾ ಸರ್?”

“ಅಲ್ಲ, ಅವಳ ತಂದೆ.”

“ಹಾಗಾದರೆ ಈ ಅರ್ಜಿಯ ಬಗ್ಗೆ ನಿಮ್ಮ ಜೊತೆ ಮಾತಾಡುವ ಹಾಗಿಲ್ಲ. ಕ್ಷಮಿಸಿ.”

ಹಾಳೆಯ ಮೊದಲ ಸಾಲನ್ನೂ ಓದಲಾಗಲಿಲ್ಲ. ಮಗಳು ತಾನೇ ಮನವಿ ಬರೆದು ಕಳಿಸಿದಳು; ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂಬ ಉತ್ತರ ಬಂತು. ಆಗಸ್ಟಿನಲ್ಲಿ ಸೀಟು ಹೋಯಿತು.

ಅವಳು ಫಾರ್ಮಸಿಯೊಂದರಲ್ಲಿ ಮಾತ್ರೆ ಎಣಿಸಿ ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದಳು. ಬೇಸಿಗೆ ಕಳೆದ ಮೇಲೆ ಮನೆ ಹತ್ತಿರದ ಕಾಲೇಜಿನಲ್ಲೇ ಮೈಕ್ರೋಬಯಾಲಜಿ ಲ್ಯಾಬಿಗೆ ಜಾಗ ಸಿಕ್ಕಿತು. ವಾರಕ್ಕೆರಡು ಮಧ್ಯಾಹ್ನ ಹೋಗಿ ಬರುತ್ತಿದ್ದಳು, ಎ ಗ್ರೇಡ್ ಬಂತು. ಅಷ್ಟರಲ್ಲಿ ಲಾಸ್ ಏಂಜಲೀಸ್‌ನ ಆ ಸ್ಕೂಲು ತನ್ನ ಪಟ್ಟಿಯನ್ನೇ ಬದಲಿಸಿತ್ತು. ಇನ್ನು ಮುಂದೆ ಲೆಕ್ಚರ್ ಇದ್ದರೆ ಸಾಕು, ಲ್ಯಾಬ್ ಕಡ್ಡಾಯವಲ್ಲ. ಇದನ್ನು ಹೇಳುವಾಗ ಅವಳಿಗೆ ನಗು ಬಂತು. ಹೆಂಡತಿಯೂ ನಕ್ಕಳು. ನಾನು ಎದ್ದು ಹಿತ್ತಿಲಿಗೆ ಹೋಗಿ, ಆಗಲೇ ನೀರು ಹಾಕಿದ್ದ ಗಿಡಗಳಿಗೆ ಮತ್ತೆ ನೀರು ಹಾಕಿದೆ.

ಎರಡನೆಯ ಸಲ ಅವಳು ಆರಿಸಿಕೊಂಡದ್ದು ಆ ಸ್ಕೂಲನ್ನಲ್ಲ, ಸ್ಯಾನ್ ಡಿಯಾಗೋದ ಇನ್ನೊಂದನ್ನು. ಅಡ್ವೈಸರ್ ಜೊತೆ ಕೂತು ಪಟ್ಟಿಯನ್ನು ತಾನೇ ಹೊಂದಿಸಿ ನೋಡಿದಳಂತೆ. 2025ರ ಆಗಸ್ಟಿನಲ್ಲಿ ಸೇರಿದಳು. ಹೊರಡುವ ಹಿಂದಿನ ದಿನ, ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೇಳಿದಳು: “ರೀ, ಈ ಸಲ ಎಲ್ಲಾ ಸರಿಯಾಗಿದೆಯಾ? ನೋಡಿದ್ರಾ ನೀವು?”

“ನನಗೆ ತೋರಿಸಿಲ್ಲ ಅವಳು,” ಅಂದೆ.

ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಪೆಟ್ಟಿಗೆಯೊಳಗಿಟ್ಟಳು. ಆಮೇಲೆ, ಪೆಟ್ಟಿಗೆಗಳನ್ನಾದರೂ ಕಾರಿಗಿಡಿ ಎಂದಳು. ನಾನು ಒಂದೊಂದಾಗಿ ಎತ್ತಿಕೊಂಡು ಹೋಗಿ ಇಟ್ಟೆ.