ಮಾದಾಪುರದ ಪಂಪು ಬಿಚ್ಚಿದಾಗ ನಾನು ಕಂಡದ್ದು

ಮಡಿಕೇರಿಯಿಂದ ಬೆಳಿಗ್ಗೆ ಏಳರ ಬಸ್ಸು ಹಿಡಿದೆ. ಮಾದಾಪುರಕ್ಕೆ ಹನ್ನೊಂದು ಮೈಲಿ, ಚಾರ್ಜು ಐದಾಣೆ. ನನ್ನ ರಿಪೇರಿ ಸಾಮಾನಿನ ಚೀಲಕ್ಕೆಂದು ಕಂಡಕ್ಟರ್ ಇನ್ನೊಂದಾಣೆ ಕಿತ್ತುಕೊಂಡ. ದಾರಿಯಲ್ಲಿ ಇಂಜಿನ್ ಕಾದು ಅರ್ಧ ಗಂಟೆ ಇಳಿದು ನಿಂತೆವು; ಬೆಲ್ಲದ ಕಾಫಿ ಸಿಕ್ಕಿತು, ಅದೇ ಪುಣ್ಯ. ಮೇ ತಿಂಗಳ ಕೊನೆ, ಮೋಡ ಕಪ್ಪಾಗಿತ್ತು.

ಹೋದದ್ದು ಒಬ್ಬ ಬಿಳಿ ದೊರೆಯ ಎಸ್ಟೇಟಿಗೆ. ಎಲೆರೋಗ ಬರದಿರಲೆಂದು ಮಳೆಗೆ ಮುಂಚೆ ಕಾಫಿಗೆ ಮೈಲುತುತ್ತದ ನೀರು ಹೊಡೆಯುತ್ತಾರಲ್ಲ, ಅದನ್ನು ಪೀಪಾಯಿಯಿಂದ ಎತ್ತುವ ಕೈಪಂಪು ಕೆಟ್ಟಿತ್ತು. ಎರಡು ದಿನದಿಂದ ಆಳುಗಳೆಲ್ಲ ಪೀಪಾಯಿ ಸುತ್ತ ಕೂತಿದ್ದರು.

ತೋಟದ ಲೆಕ್ಕ ಬರೆಯುವ ರೈಟರ್ ಬೋಪಯ್ಯ ಎದುರು ಬಂದವರೇ ಶುರು ಮಾಡಿದರು: "ಬನ್ನಿ ಮೇಸ್ತ್ರಿ. ಪಂಪು ಹೊಡೆಯೋ ಸಣ್ಣಯ್ಯನ ಹೆಂಡ್ತಿ ಹೋದ ಆಯುಧಪೂಜೆಗೆ ಅಂತ ಹುಣಸೆಹಣ್ಣು ಹಾಕಿ ಇದನ್ನ ತಿಕ್ಕಿದ್ದಾಳೆ. ಹುಳಿ ಒಳಗೆಲ್ಲ ತಿಂದಿದೆ. ನೀವು ಹೂಂ ಅಂದ್ರೆ ದೊರೆ ಇವತ್ತೇ ಗಂಡ ಹೆಂಡ್ತಿ ಇಬ್ರನ್ನೂ ಆಳುಗಳ ಲೈನ್ ಮನೆಯಿಂದ ಓಡಿಸ್ತಾರೆ."

ಸಣ್ಣಯ್ಯನ ಹೆಂಡತಿ, ಹಾಸನದ ಕಡೆಯ ಪುಟ್ಟಮ್ಮ, ಸೆರಗು ಬಿಗಿದು ಅಲ್ಲೇ ನಿಂತಿದ್ದಳು. "ಹಿತ್ತಾಳೆ ಅಲ್ವಾ ಸ್ವಾಮಿ? ಬಿಂದಿಗೆ ತಿಕ್ಕ್‌ದಂಗೆ ತಿಕ್ಕ್‌ದೆ, ಕುಂಕುಮ ಇಟ್ಟೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಪಂಪೇನು ನಿಮ್ಮನೆ ಬಿಂದಿಗೆಯೇನಮ್ಮಾ? ಬುದ್ಧಿ ಬೇಡ್ವಾ?" ಎಂದು ಗದರಿದೆ. ಎಲ್ಲರೂ ನಕ್ಕರು. ಸಣ್ಣಯ್ಯ ತಲೆ ತಗ್ಗಿಸಿದ.

ಮೊದಲು ಗಾಳಿ ಎಳೆಯುತ್ತಿದೆಯೇ ಎಂದು ಸಂದುಗಳನ್ನು ಬಿಗಿದೆ. ಚರ್ಮದ ವಾಷರ್ ಒಣಗಿತ್ತು, ಹರಳೆಣ್ಣೆಯಲ್ಲಿ ನೆನೆಸಿ ಹಾಕಿದೆ. ಹಿಡಿ ಇನ್ನೂ ಹಗುರವಾಗಿಯೇ ಆಡುತ್ತಿತ್ತು, ನೀರು ಏರಲಿಲ್ಲ. ಹಾಗಾದರೆ ತೊಂದರೆ ಬುಡದ ವಾಲ್ವಿನಲ್ಲಿ. ಅಲ್ಲಿ ಒಂದು ಹಿತ್ತಾಳೆ ಗುಂಡು ಕೂತು, ಎತ್ತಿದ ನೀರು ಮತ್ತೆ ಕೆಳಗಿಳಿಯದಂತೆ ತಡೆಯಬೇಕು. ಬಿಚ್ಚಿದೆ.

ಅಂಗೈಗೆ ಬಿದ್ದದ್ದು ಇಲಿ ಕಡಿದಂತಾಗಿದ್ದ ಕೆಂಪು ಗುಂಡು. ಕಬ್ಬಿಣ! ತುತ್ತದ ನೀರು ಕಬ್ಬಿಣವನ್ನು ತಿಂದುಹಾಕುತ್ತದೆಂದು ತೋಟದ ಮಕ್ಕಳಿಗೂ ಗೊತ್ತು, ಅದಕ್ಕೇ ಪೀಪಾಯಿ ಮರದ್ದು. ಯಾವ ಮುಠ್ಠಾಳ ಇದನ್ನು ಹಾಕಿದ ಎಂದು ವಾಲ್ವಿನ ಮುಚ್ಚಳ ತಿರುಗಿಸಿದೆ. ಒಳಬದಿಯಲ್ಲಿ ಅರದ ಮೂರು ಗೀರು. ನಾನು ಮಾಡಿದ ಕೆಲಸಕ್ಕೆಲ್ಲ ನಾನು ಹಾಕುವ ಗುರುತು.

ಹೋದ ವರ್ಷ ಯಾರೋ ಮಡಿಕೇರಿಯ ನಮ್ಮ ರಿಪೇರಿ ಶೆಡ್ಡಿಗೆ ಒಂದು ಪಂಪು ತಂದಿದ್ದರು; ಯಾವ ತೋಟದ್ದೆಂದು ನಾನು ಕೇಳಿರಲಿಲ್ಲ. ಹಿತ್ತಾಳೆ ಗುಂಡು ಸಿಗಲಿಲ್ಲ. ಲಾರಿ ಬೇರಿಂಗಿನ ಕಬ್ಬಿಣದ ಗುಂಡು ಹಾಕಿ, ಒಂದು ಮಳೆಗಾಲ ನಡೆದರೆ ಸಾಕೆಂದು ಕಳಿಸಿದ್ದೆ. ಇದೇ ಆ ಪಂಪು. ಮುಚ್ಚಳ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ.

ಬೋಪಯ್ಯನವರಿಗೆ ಮೆಲ್ಲಗೆ ಹೇಳಿದೆ. ಅವರು ಕಿವಿಯಲ್ಲಿ, "ಸುಮ್ನಿರಿ ಮಾರಾಯ್ರೆ. ಹೊಸ ಗುಂಡು ಹಾಕಿ, ಹೊರಡಿ" ಎಂದರು.

ಈ ಸಲ ಚೀಲದಲ್ಲಿ ಹಿತ್ತಾಳೆಯದ್ದೇ ಇತ್ತು, ಹಾಕಿದೆ. ನಾಲ್ಕನೇ ಎಳೆತಕ್ಕೆ ನೀಲಿ ನೀರು ಚಿಮ್ಮಿತು. ಪುಟ್ಟಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ತಪ್ಪು ನಿನ್ನದಲ್ಲಮ್ಮ, ನಂದು" ಎಂದೆ, ದನಿ ತಗ್ಗಿಸಿ.

"ಬೈಯೋವಾಗ ಎಲ್ರಿಗೂ ಕೇಳ್ತಿತ್ತು. ಇದೂ ಕೇಳ್ಲಿ."

ಎದ್ದು ನಿಂತು, ಆ ಹಳೇ ಕಬ್ಬಿಣದ ಗುಂಡನ್ನು ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದೆ. ಈಗ ಯಾರೂ ನಗಲಿಲ್ಲ. ಹಿಂದೆ ಬಂದು ನಿಂತಿದ್ದ ದೊರೆ ಇಂಗ್ಲಿಷಿನಲ್ಲಿ ಎರಡೇ ಮಾತಾಡಿ ಹೋದ.

"ಏನಂದ್ರು?" ಎಂದು ಬೋಪಯ್ಯನವರನ್ನು ಕೇಳಿದೆ.

"ಇವರಿಬ್ರು ಇರ್ಲಿ ಅಂದ್ರು. ನೀವು ಇನ್ನು ಈ ತೋಟಕ್ಕೆ ಬರ್ಬಾರ್ದಂತೆ."

ಮೂರರ ಬಸ್ಸಿಗೆ ಹೊರಟೆ. ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಸಣ್ಣಯ್ಯ ಪಂಪು ಹೊಡೆಯುತ್ತಿದ್ದ, ಪುಟ್ಟಮ್ಮ ಪೀಪಾಯಿಗೆ ನೀರು ಸುರಿಯುತ್ತಿದ್ದಳು. ಮಳೆ ಬರುವುದರೊಳಗೆ ಮುಗಿಸುವ ಅವಸರ. ಒಬ್ಬರೂ ರಸ್ತೆಯತ್ತ ತಲೆ ಎತ್ತಲಿಲ್ಲ.