ಒಳಗಿನ ಚಿಲಕ

ವಾನ್ ಎಂಬ ಈ ಪರದೇಶದ ಊರಿನ ಸೇವಾಸಂಸ್ಥೆಯ ಗೋದಾಮಿನಲ್ಲಿ ಇಷ್ಟೊಂದು ಬಾಗಿಲುಗಳನ್ನು ಸಾಲಾಗಿ ಒರಗಿಸಿಟ್ಟಿರುತ್ತಾರೆಂದು ನಾನು ಎಣಿಸಿರಲಿಲ್ಲ. ನಾನು ಉಳಿದುಕೊಂಡಿರುವ ಮನೆಯ ಶೈಲಕ್ಕ ಹುಬ್ಬಳ್ಳಿಯವರು. ಶನಿವಾರ ಇಲ್ಲಿ ಸೇವೆಗೆ ಬರುತ್ತಾರೆ; ಈ ಸಲ ನನ್ನನ್ನೂ ಕರೆತಂದಿದ್ದರು. ಕೆಡವಿದ ಆಫೀಸೊಂದರಿಂದ ದಾನವಾಗಿ ಬಂದ ಈ ಬಾಗಿಲುಗಳು ಮಲಾವಿಯ ಹಳ್ಳಿ ಶಾಲೆಯೊಂದರ ಹೊಸ ಶೌಚಾಲಯಕ್ಕೆ ಹೋಗುತ್ತವೆ. ಅಲ್ಲಿನ ಮುಖ್ಯೋಪಾಧ್ಯಾಯಿನಿ ಕೇಳಿಕೊಂಡದ್ದು ಒಂದನ್ನೇ: ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳುವ ಚಿಲಕ. ಅದಿಲ್ಲದೆ ಹುಡುಗಿಯರು ಮಧ್ಯಾಹ್ನವೇ ಮನೆಗೆ ಹೊರಟುಬಿಡುತ್ತಾರಂತೆ, ಆ ದಿನ ಮತ್ತೆ ಬರುವುದಿಲ್ಲವಂತೆ.

ಬಾಗಿಲುಗಳಿಗೆಲ್ಲ ಚಿಲಕ ಜೋಡಿಸಿ, ಒಂದನ್ನು ಚೌಕಟ್ಟಿನ ಸಮೇತ ಮೂಲೆಗೆ ನಿಲ್ಲಿಸಿ ಎಲ್ಲರೂ ಪರೀಕ್ಷಿಸಿದರು. ನನ್ನನ್ನೂ ಒಳಗೆ ಕಳಿಸಿದರು. ಅಪರಿಚಿತರೆದುರು ಶೌಚಾಲಯದ ಬಾಗಿಲು ಹಾಕಿಕೊಳ್ಳಲು ಸಂಕೋಚವಾಯಿತು. ಚಿಲಕವೇನೋ ಚೆನ್ನಾಗಿ ಕೂತಿತು.

"ಇನ್ನ ಲೋಡ್ ಮಾಡೋಣ್ರಿ, ಟ್ರಕ್ ಬಂದದ," ಎಂದರು ಶೈಲಕ್ಕನ ಗಂಡ ಗುರಣ್ಣ.

ಅಷ್ಟರಲ್ಲಿ ಅವರ ಆರು ವರ್ಷದ ಮಗಳು ಅನ್ವಿ ತಾನೂ ಒಳಗೆ ಹೋದಳು. ಬಾಗಿಲ ಹಿಂದಿನಿಂದ ಕುಪ್ಪಳಿಸುವ ಸದ್ದು ಕೇಳಿಸಿತು.

"ಮಮ್ಮಿ, ಐ ಕಾಂಟ್ ರೀಚ್!"

ಚಿಲಕ ಅವಳ ಕೈಗೆಟುಕದಷ್ಟು ಮೇಲಿತ್ತು.

"ಸಾಲಿ ಮಕ್ಕಳು ನಿಮ್ಮಷ್ಟ ಉದ್ದ ಇರ್ತಾರೇನ್ರಿ?" ಶೈಲಕ್ಕ ಗಂಡನನ್ನು ಕೆಣಕಿದರು.

"ನೀನೂ ಹಾಕಿ ನೋಡಿದ್ದಿ, ಹೌದಿಲ್ಲ? ಟ್ರಕ್ಕಿನವಂಗ ಚಾ ಕೊಡು, ಸ್ವಲ್ಪ ತಡೀಲಿ," ಎನ್ನುತ್ತಾ ಗುರಣ್ಣ ಡ್ರಿಲ್ ಎತ್ತಿಕೊಂಡರು.

ಚಿಲಕ ಅನ್ವಿಯ ಭುಜದ ಮಟ್ಟಕ್ಕೆ ಇಳಿಯಿತು. ಅವಳು ಮತ್ತೆ ಒಳಗೆ ಹೋಗಿ ಟಕ್ಕನೆ ಹಾಕಿಕೊಂಡಳು. ಶೈಲಕ್ಕ ತಳ್ಳಿದರು, ಗುರಣ್ಣ ಭುಜ ಕೊಟ್ಟು ತಳ್ಳಿದರು, ಬಾಗಿಲು ಅಲುಗಲಿಲ್ಲ.

"ಸಾಕು, ಹೊರಗ ಬಾರವಾ. ಉಳದ ಬಾಗಲದ್ದೂ ಚಿಲಕ ಇಳಸೋದದ," ಎಂದರು ಗುರಣ್ಣ.

"ನೋ," ಒಳಗಿನಿಂದ ನೆಮ್ಮದಿಯ ದನಿ ಬಂತು. "ಸಮ್‌ಒನ್ ಈಸ್ ಇನ್ ಹಿಯರ್."