ಕೆನ್ನೆಯ ಬಂಗು, ಟ್ಯೂಬಿನ ಮುಲಾಮು

ಮುಖ ಸುಟ್ಟುಹೋಗಬಹುದಿತ್ತು. ಸಿಪ್ಪೆ ಏಳಬಹುದಿತ್ತು. ಮುಲಾಮು ಕಣ್ಣಿಗಿಳಿದು ಕುರುಡಿಯಾಗಬಹುದಿತ್ತು. ಕಪ್ಪು ಹೋಗುವ ಬದಲು ಅಲ್ಲಲ್ಲಿ ಬೆಳ್ಳಗಾಗಿ, ತೊನ್ನೆಂದು ಜನ ದೂರ ಸರಿಯಬಹುದಿತ್ತು. ನಮ್ಮ ಮನೆಯಲ್ಲಿ ಉಣ್ಣುವ ಊರ ಹುಡುಗರು ಬೇರೆ ಮನೆ ಹುಡುಕಬಹುದಿತ್ತು. ಇಷ್ಟನ್ನೂ ಟ್ಯೂಬಿನ ಮುಚ್ಚಳ ತೆಗೆಯುವ ಮೊದಲೇ ಯೋಚಿಸಿ ಮುಗಿಸಿದ್ದೆ.

ಬಂಗು ಮೊದಲು ಕೆನ್ನೆಗೆ ಬಂತು, ಆಮೇಲೆ ಹಣೆಗೂ ಹಬ್ಬಿತು. ಮುಂಬಯಿ ಸಾಂತಾಕ್ರೂಜ್‌ನ ನಮ್ಮ ಚಾಳಿನಲ್ಲಿ, ಉಡುಪಿ ಕಡೆಯಿಂದ ನೌಕರಿಗೆ ಬಂದ ನಾಲ್ಕು ಹುಡುಗರಿಗೆ ನಾನು ಊಟ ಹಾಕುತ್ತಿದ್ದೆ. ಅವರಲ್ಲಿ ಸದಾಶಿವ ಒಂದು ದಿನ ತಟ್ಟೆಯಿಂದ ತಲೆಯೆತ್ತಿ ನನ್ನ ಮುಖ ನೋಡಿದ.

"ಅಕ್ಕಾ, ಅದು ಅಂಟ್ತದಾ?"

ಸೆರಗನ್ನು ಕೆನ್ನೆಗೆಳೆದುಕೊಂಡು ಸಾರು ಬಡಿಸಿದೆ.

ಮರುದಿನದಿಂದ ಅವನು ಬರಲಿಲ್ಲ. ಉಳಿದ ಮೂವರೂ ಎಂದು ಹೋಗುವರೋ ಎಂದು ನಾನು ಕಾಯತೊಡಗಿದೆ. ನಮ್ಮ ಯಜಮಾನರು ಹೋಟೆಲಿನ ಗಲ್ಲಾದಲ್ಲಿ ಕೂತು ದಿನವಿಡೀ ಮುಖಗಳನ್ನೇ ನೋಡುವವರು. "ಬಂಗು ಯಾರಿಗೆ ಬರುದಿಲ್ಲ ಮಾರಾಯ್ತಿ? ಕನ್ನಡಿ ಬಿಟ್ಟು ಸ್ವಲ್ಪ ಗೋಡೆ ನೋಡು" ಎಂದರು.

ಗೋಡೆ ನೋಡಲಿಲ್ಲ. ಲೋಕಲ್ ರೈಲು ಹಿಡಿದು ಆಸ್ಪತ್ರೆಯ ಸ್ಕಿನ್ ಓಪಿಡಿಗೆ ಹೋದೆ.

"ಪಿಗ್ಮೆಂಟೇಶನ್ ಹೈ, ಬಸ್. ಕಿಸೀಕೋ ನಹೀ ಲಗೇಗಾ" ಎಂದರು ಡಾಕ್ಟರ್ ಬಾಯಿ. ಯಾರಿಗೂ ಅಂಟುವುದಿಲ್ಲ! ಅದನ್ನು ಅವರ ದನಿಯಲ್ಲೇ ಚಾಳಿನ ತುಂಬ ಕೂಗಿಸಬೇಕೆನಿಸಿತು. ಮುಲಾಮಿನ ಟ್ಯೂಬು ಕೊಟ್ಟು, ರಾತ್ರಿ ಮುಖಕ್ಕೆಲ್ಲ ತೆಳ್ಳಗೆ ಹಚ್ಚಿ, ಬಿಸಿಲಿಗೆ ಹೋಗಬೇಡಿ ಎಂದರು. ತೀರಾ ಬೆಳ್ಳಗಾಗಿಬಿಟ್ಟರೆ ಎಂದೆ. "ಗೋರಾ ನಹೀ ಕರನಾ ಬಾಯಿ, ಬರಾಬರ್ ಕರನಾ ಹೈ." ಬೆಳ್ಳಗೆ ಮಾಡುವುದಲ್ಲವಂತೆ, ಎಲ್ಲ ಕಡೆ ಒಂದೇ ಬಣ್ಣಕ್ಕೆ ತರುವುದಂತೆ.

ಆಮೇಲೆ ಕನ್ನಡಿಗೂ ಕಿಟಕಿಗೂ ಓಡಾಟ. ಉರಿಯಿತು; ಸುಟ್ಟೇಹೋಯಿತು ಎಂದುಕೊಂಡೆ. ಉರಿ ನಿಂತಿತು, ಚರ್ಮ ಸತ್ತಿತು ಎಂದುಕೊಂಡೆ. ಒಂದು ಬೆಳಿಗ್ಗೆ ಗಲ್ಲದ ಮೇಲೆ ಬಿಳಿ ಚುಕ್ಕೆ ಕಂಡಿತು; ತೊನ್ನು ಶುರುವಾಯಿತು ಎಂದುಕೊಂಡೆ.

ಇಡ್ಲಿ ಹಿಟ್ಟು.

ಹುಡುಗರಿಗೆ ಬಡಿಸುವಾಗೆಲ್ಲ ಡಾಕ್ಟರ ಮಾತನ್ನೂ ಬಡಿಸಿದೆ. ಅದು ಸದಾಶಿವನಿಗೂ ತಲುಪಿರಬೇಕು. ಬಾಗಿಲಲ್ಲಿ ನಿಂತು, "ಅಕ್ಕಾ, ಹೊರಗಿನದ್ದು ತಿಂದು ಹೊಟ್ಟೆ ಕೆಟ್ಟೋಯ್ತು" ಎಂದ. ಅರ್ಧ ಬಂಗು ಇನ್ನೂ ಇತ್ತು. ಅವನು ನೋಡಿದ್ದು ಸಾರಿನ ಪಾತ್ರೆಯನ್ನು. ಆ ಹೊತ್ತಿಗೆ ನನಗೆ ಮತ್ತೇನೂ ಬೇಕಾಗಿರಲಿಲ್ಲ.

ಉಳಿದರ್ಧವೂ ಮೆಲ್ಲಗೆ ತಿಳಿಯಾಯಿತು. ಒಂದು ಭಾನುವಾರ ಎಣ್ಣೆ ಸ್ನಾನ ಮಾಡಿ, ಹಣೆ ಒರೆಸಿಕೊಂಡು ಕನ್ನಡಿಯ ಮುಂದೆ ನಿಂತೆ. ನಡುಹಣೆಯಲ್ಲಿ, ಅಳತೆ ತೆಗೆದ ಹಾಗೆ, ದುಂಡಗೆ ಕಪ್ಪು. ಬರಿ ಹಣೆಯಲ್ಲಿ ಮಲಗುವುದು ನಮ್ಮಲ್ಲಿಲ್ಲ. ಅಷ್ಟೂ ದಿನ ಕುಂಕುಮ ಅಳಿಸದಂತೆ ಜಾಗ್ರತೆಯಿಂದ ಅದರ ಸುತ್ತ ಮುಲಾಮು ಹಚ್ಚಿದ್ದೆ.

"ಒಳ್ಳೆದಾಯ್ತು. ಇನ್ನು ಕುಂಕುಮ ಎಲ್ಲಿಡುದು ಅಂತ ಹುಡುಕ್ಲಿಕ್ಕಿಲ್ಲ" ಎಂದರು ಇವರು.

ಅದರ ಮೇಲೇ ಇಟ್ಟೆ. ಸರಿಯಾಗಿ ಕೂತಿತು.